ನೆಗಡಿ–ವ್ಯಾಯಾಮ ಮೀಮಾಂಸೆ

ಅಧಿಕರಣವೆಂದ ಮೇಲೆ ಅದಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಪ್ರಕೃತ ಅಧಿಕರಣಕ್ಕೆ ಆರನೆಯದೊಂದು ಬೇಕು, ಕರ್ಚೀಫು. ಅದು ಒಗೆದದ್ದೇ ಆಗಿರಬೇಕೆಂಬ ವಿಧಿ ಎಲ್ಲಿಯೂ ಕಾಣದು. ಶಿಷ್ಟಾಚಾರ ಮಾತ್ರ ಇದೆ.

ವಿಷಯವಿಷ್ಟು. ಮೂಗು ಸೋರುತ್ತಿದೆ, ಐದೂವರೆಯ ಅಲಾರಂ ಹೊಡೆದುಕೊಳ್ಳುತ್ತಿದೆ. ಎದ್ದು ಶೂ ಹಾಕಿಕೊಳ್ಳಬೇಕೋ, ಮಗ್ಗುಲು ಬದಲಿಸಬೇಕೋ? ಈ ಸಂಶಯ ಯಾರದೆಂದು ಮೊದಲು ನಿರ್ಣಯವಾಗಬೇಕು. ಮನೆಯವರದಂತೂ ಅಲ್ಲ. ಹೆಂಡತಿ ರಾತ್ರಿಯೇ "ನಾಳೆ ಎಲ್ಲೂ ಹೋಗ್ಬೇಡಿ, ಮೆಣಸಿನ ಸಾರು ಮಾಡ್ತೀನಿ" ಎಂದು ತೀರ್ಪು ಕೊಟ್ಟಾಗಿದೆ. ತಾಯಿ ದೇವರಮನೆಯಿಂದಲೇ "ಮೈ ಬೆವರಿದ್ರೆ ಶೀತ ತಾನೇ ಇಳಿಯುತ್ತೆ, ಹೋಗ್ಲಿ ಬಿಡಮ್ಮ" ಎಂದು ಅದನ್ನು ತಳ್ಳಿಹಾಕಿಯೂ ಆಗಿದೆ. ಇಬ್ಬರೂ ಮಾತನಾಡುತ್ತಿರುವುದು ನೆಗಡಿಯ ಬಗ್ಗೆಯೇ ಎಂಬುದು ಬೇರೊಂದು ಅಧಿಕರಣ. ಅದಕ್ಕೆ ಕೈ ಹಾಕಿ ಗೆದ್ದ ಮೀಮಾಂಸಕನಿಲ್ಲ.

ಇನ್ನು ಅಧಿಕಾರಿ ಯಾರು? ಯಜ್ಞಕ್ಕೆ ಹೇಗೋ ಹಾಗೆ ಈ ಪ್ರಶ್ನೆಗೂ ಅರ್ಹತೆ ಬೇಕು. ಆರೋಗ್ಯವಾಗಿದ್ದಾಗ ನಿತ್ಯ ನಡೆಯುವವನಿಗೆ ಮಾತ್ರ, ನೆಗಡಿಯಾದಾಗ ನಡೆಯಬಹುದೇ ಎಂದು ಕೇಳುವ ಅಧಿಕಾರ. ಲೋಕದಲ್ಲಿ ಕಾಣುವುದು ಇದರ ತಿರುವುಮುರುವು. ಯುಗಾದಿಗೆ ಶೂ ಕೊಂಡು ದೀಪಾವಳಿಯವರೆಗೂ ಡಬ್ಬಿಯಲ್ಲೇ ಇಟ್ಟವನು ಒಂದು ಸೀನು ಬಂದೊಡನೆ ಡಾಕ್ಟರಿಗೆ ಫೋನು ಮಾಡಿ, "ವಾಕಿಂಗ್ ನಿಲ್ಲಿಸ್ಬೇಕಾ ಸಾರ್?" ಎಂದು ಕಳಕಳಿಯಿಂದ ವಿಚಾರಿಸುತ್ತಾನೆ. ಇಲ್ಲದ್ದನ್ನು ನಿಲ್ಲಿಸಲು ಅಪ್ಪಣೆ ಕೇಳುವ ಇಂಥವರನ್ನು ಶಾಸ್ತ್ರದಲ್ಲಿ ಎಲ್ಲಿ ಸೇರಿಸಬೇಕೆಂಬುದು ತಿಳಿಯದೆ ಬಹುಕಾಲ ತೊಡಕಾಗಿತ್ತು. ಈಗ ಅವರನ್ನು ಪ್ರಧಾನ ಅಧಿಕಾರಿಗಳೆಂದೇ ಒಪ್ಪಿಕೊಂಡಿದ್ದೇವೆ, ಏಕೆಂದರೆ ಉಳಿದವರು ಈ ಗ್ರಂಥ ಓದುವ ಹೊತ್ತಿಗೆ ಎರಡು ಸುತ್ತು ಮುಗಿಸಿ ಕಾಫಿ ಕುಡಿಯುತ್ತಿರುತ್ತಾರೆ.

ಪ್ರಮಾಣಗಳಲ್ಲಿ ಮೊದಲನೆಯದು ಗಾದೆ: ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ. ಪಾಮರರು ಇದನ್ನು ಪ್ರಾಸದ ಚಪಲಕ್ಕೆ ಕಟ್ಟಿದ್ದೆಂದು ಬಗೆದಿದ್ದಾರೆ. ಬುಗುಡಿ ತೊಡುವುದು ಕಿವಿಯ ಮೇಲಂಚಿಗೆ. ಡಾಬು, ವಂಕಿ, ಕಾಲುಂಗುರಗಳೆಲ್ಲ ಕಣ್ಣೆದುರಿಗೇ ಇದ್ದರೂ ಗಾದೆ ಕಟ್ಟಿದವರು ಕತ್ತಿನಿಂದ ಕೆಳಗಿನ ಒಂದೊಡವೆಯನ್ನೂ ಮುಟ್ಟಲಿಲ್ಲವೇಕೆ? ನೆಗಡಿಯ ಸರಹದ್ದು ಕತ್ತಿಗೇ ಮುಗಿಯಿತೆಂದು ಸೂಚಿಸುವುದಕ್ಕೆ. ಇದೇ ತತ್ತ್ವವನ್ನು 1990ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ರ‍್ಯಾಂಡಿ ಐಕ್ನರ್ 'ಕತ್ತಿನ ಪರೀಕ್ಷೆ' ಎಂಬ ಹೆಸರಿನಲ್ಲಿ ಪ್ರಚಾರ ಮಾಡಿದರು. ಮೂಗು ಸೋರುವುದು, ಸೀನು, ಗಂಟಲ ಕೆರೆತ ಇಷ್ಟೇ ಇದ್ದರೆ ಮೊದಲ ಹತ್ತು ನಿಮಿಷ ಅರ್ಧ ವೇಗದಲ್ಲಿ ಹೋಗಿ ನೋಡಬೇಕು. ತಲೆ ಹಗುರಾದರೆ ಮುಂದುವರಿಯಬಹುದು, ಭಾರವಾದರೆ ಮನೆಗೆ ಬರಬೇಕು. ಕತ್ತಿನ ಕೆಳಗೆ ಎದೆ ಕಟ್ಟುವ ಕೆಮ್ಮು, ಮೈಕೈ ನೋವು, ಜ್ವರ, ಹೊಟ್ಟೆಯ ಕೋಟಲೆ ಇದ್ದರೆ ಹೊರಡಲೇಬಾರದು. ಐಕ್ನರ್ ಅವರಿಗೆ ಬುಗುಡಿಯ ಪರಿಚಯವಿತ್ತೆನ್ನಲು ಆಧಾರವಿಲ್ಲ. ಸತ್ಯ ಎರಡು ಕಡೆ ಸ್ವತಂತ್ರವಾಗಿ ಹುಟ್ಟುತ್ತದೆ. ಕೀರ್ತಿ ಮಾತ್ರ ಇಂಗ್ಲಿಷಿನಲ್ಲಿ ಬರೆದವರಿಗೆ ಸಲ್ಲುತ್ತದೆ.

ಅರ್ಧವೆಂಬ ಈ ಪ್ರಮಾಣವೂ ನಮ್ಮಲ್ಲಿ ಹಳೆಯದು. ಬಲವಂತರು, ತುಪ್ಪ ತಿನ್ನುವವರು ಚಳಿಗಾಲದಲ್ಲೂ ವಸಂತದಲ್ಲೂ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ ಎಂದು ಅಷ್ಟಾಂಗಹೃದಯದಲ್ಲಿ ವಾಗ್ಭಟ ಹೇಳುತ್ತಾನೆ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಸುಶ್ರುತ ಗುರುತು ಕೊಟ್ಟಿದ್ದಾನೆ: ವ್ಯಾಯಾಮ ಮಾಡುವವನ ಹೃದಯದಲ್ಲಿರುವ ವಾಯು ಬಾಯಿಗೆ ಬಂದಾಗ ಬಲದ ಅರ್ಧ ಖರ್ಚಾಯಿತು.

ಹಾಸಿಗೆಯ ಪಕ್ಷದವರು ಕಾದು ಕುಳಿತದ್ದು ಇದಕ್ಕೇ. ಎರಡೂ ಹೊಳ್ಳೆ ಕಟ್ಟಿದವನು ಮಧ್ಯರಾತ್ರಿಯಿಂದ ಬಾಯಲ್ಲೇ ಉಸಿರಾಡುತ್ತಿದ್ದಾನೆ. ಆದುದರಿಂದ ಅವರ ಪಂಚಾವಯವ ಅನುಮಾನ ಹೀಗೆ. ಪ್ರತಿಜ್ಞೆ: ಈ ಹಾಸಿಗೆ ವ್ಯಾಯಾಮಶಾಲೆ. ಹೇತು: ಬಾಯುಸಿರು ಇರುವುದರಿಂದ. ಉದಾಹರಣೆ: ಎಲ್ಲಿ ಬಾಯುಸಿರೋ ಅಲ್ಲಿ ಅರ್ಧಬಲದ ವ್ಯಾಯಾಮ, ಲಾಲ್‌ಬಾಗಿನ ಬಂಡೆ ಹತ್ತುವವನಲ್ಲಿ ಕಂಡಂತೆ. ಉಪನಯ: ಇಲ್ಲಿಯೂ ಬಾಯುಸಿರು ಇದೆ, ಗೊರಕೆ ಸಮೇತ. ನಿಗಮನ: ಇವತ್ತಿನ ವ್ಯಾಯಾಮ ಮುಗಿದಿದೆ, ಕಂಬಳಿ ಕೊಡಿ. ಸುಶ್ರುತನ ಮಾತು ವ್ಯಾಯಾಮ ಮಾಡುವವನಿಗೆ ಮಾತ್ರ ಅನ್ವಯ, ಹೇತು ದುಷ್ಟ ಎಂದು ತಾರ್ಕಿಕರು ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯೇ. ಆದರೆ ಉತ್ತರ ಕೊಡಲು ಎದ್ದು ಕೂರಬೇಕಾಗುತ್ತದೆಂಬ ಕಾರಣಕ್ಕೆ ಹಾಸಿಗೆಯವರು ಮೌನ ತಾಳಿದ್ದಾರೆ, ಮೌನವನ್ನೇ ಜಯವೆಂದೂ ತಿಳಿದಿದ್ದಾರೆ.

ಎದುರು ಪಕ್ಷ ಸಿಗುವುದು ಲಾಲ್‌ಬಾಗಿನ ಪಶ್ಚಿಮದ ಗೇಟಿನಲ್ಲಿ, ಬೆಳಿಗ್ಗೆ ಆರಕ್ಕೆ. ಮಂಕಿ ಟೋಪಿ, ಅದರ ಮೇಲೆ ಮಫ್ಲರು, ಹಣೆಗೆ ಅಮೃತಾಂಜನ, ಕೆಳಗೆ ಮಾತ್ರ ಅರ್ಧ ಚಡ್ಡಿ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೈ ಬೀಸಿಕೊಂಡು ಬಂದು, ಬಲ ಹೊಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ಎಡ ಹೊಳ್ಳೆಯನ್ನು ಹೂವಿನ ಪಾತಿಯ ಕಡೆಗೆ ಖಾಲಿ ಮಾಡುತ್ತಾರೆ. "ಶೀತಾನಾ ಸಾರ್?" ಎಂದರೆ "ನಮ್ಗೆಲ್ಲಾ ಎಲ್ಲಿ ಶೀತ, ಸ್ವಲ್ಪ ಡಸ್ಟ್ ಅಲರ್ಜಿ" ಎಂಬ ಉತ್ತರ. ನಿತ್ಯ ನಡೆಯುವವರಿಗೆ ನೆಗಡಿ ಬರಕೂಡದೆಂಬುದು ಇವರ ಮೂಲಸಿದ್ಧಾಂತ. ಬಂದರೆ ಅದಕ್ಕೆ ಬೇರೆ ಹೆಸರು. ಭೂವಿಜ್ಞಾನಿಗಳು 300 ಕೋಟಿ ವರ್ಷವೆಂದು ಲೆಕ್ಕ ಹಾಕಿರುವ ಬಂಡೆಯನ್ನು ಹತ್ತಿ, ಕೆಂಪೇಗೌಡರ ಗೋಪುರದ ಪಕ್ಕ ನಿಂತು ಏಳು ಸಲ ಸೀನಿ, ಸುತ್ತಲಿದ್ದ ಮೂವರಿಗೆ ಆರೋಗ್ಯದ ಗುಟ್ಟು ಹೇಳಿ ಇಳಿಯುತ್ತಾರೆ. ಆ ಮೂವರೂ ಮುಂದಿನ ವಾರ ಡಸ್ಟ್ ಅಲರ್ಜಿಯಿಂದ ನರಳುವುದು ಆನುಷಂಗಿಕ ಫಲ. ವೈರಸ್ಸು ಕೈಯಿಂದ ಕೈಗೆ ದಾಟುವಂಥದ್ದು. ಹೊಳ್ಳೆ ಒತ್ತಿದ ಆ ಹೆಬ್ಬೆರಳು ಬೀಳ್ಕೊಡುವಾಗ ಎಲ್ಲರ ಕೈಯನ್ನೂ ಕುಲುಕಿರುತ್ತದೆ. ಜಿಮ್ಮಿನಲ್ಲಿ ಡಂಬೆಲ್ಲಿಗೂ ಇದೇ ನ್ಯಾಯ.

ಇಷ್ಟು ವಾದಗಳ ನಡುವೆ ಪ್ರತ್ಯಕ್ಷಪ್ರಮಾಣಕ್ಕೆ ಧೈರ್ಯ ಮಾಡಿದವರು ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದವರು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಥಾಮಸ್ ವೈಡ್ನರ್ ಮತ್ತು ಸಂಗಡಿಗರು 50 ವಿದ್ಯಾರ್ಥಿಗಳ ಮೂಗಿಗೆ ಬೇಕೆಂದೇ ರೈನೋವೈರಸ್ ಬಿಟ್ಟರು. 34 ಮಂದಿಯನ್ನು ದಿನ ಬಿಟ್ಟು ದಿನ 40 ನಿಮಿಷದಂತೆ ಹತ್ತು ದಿನ ಹದವಾಗಿ ಓಡಾಡಿಸಿದರು, 16 ಮಂದಿಯನ್ನು ಸುಮ್ಮನೆ ಬಿಟ್ಟರು. ಯಾರ ನೆಗಡಿ ಎಷ್ಟೆಂದು ಅಳೆಯುವುದು ಹೇಗೆ? ಬಾಯಿಮಾತನ್ನಷ್ಟೇ ನಂಬದೆ, ವಿದ್ಯಾರ್ಥಿಗಳು ಮೂಗೊರೆಸಿ ಎಸೆದ ಟಿಶ್ಯೂ ಕಾಗದಗಳನ್ನು ಒಟ್ಟುಗೂಡಿಸಿ ತೂಗಿದರು. ತೂಗಿದವರ ಹೆಸರು ಚರಿತ್ರೆಯಲ್ಲಿ ಉಳಿಯಬೇಕಿತ್ತು. ವಿಶ್ವವಿದ್ಯಾಲಯ ಸೇರಿದ ಮಗ ಏನು ಸಂಶೋಧನೆ ಮಾಡುತ್ತಿದ್ದಾನೆಂದು ಕೇಳಿದ ಊರಿನವರಿಗೆ ಅವರ ತಂದೆತಾಯಿ ಏನೆಂದಿರಬಹುದು! ನಮ್ಮಲ್ಲಿ ಈ ಪ್ರಯೋಗ ನಡೆಯುವಂತಿಲ್ಲ. ಕರ್ಚೀಫು ನಾಲ್ಕು ಮಡಿಕೆಯಾಗಿ ಮತ್ತೆ ಜೇಬಿಗೇ ಹೋಗುತ್ತದೆ, ಪುರಾವೆ ತಕ್ಕಡಿಗೆ ಬರುವುದೇ ಇಲ್ಲ.

ತೂಕದಿಂದ ಹೊರಟ ಫಲಿತಾಂಶವಂತೂ ಎರಡೂ ಪಕ್ಷಗಳಿಗೆ ಉಪಕಾರಿ. ನಡೆದವರ ನೆಗಡಿ ಹೆಚ್ಚಲಿಲ್ಲ, ಬೇಗ ಬಿಡಲೂ ಇಲ್ಲ. ಕೂತವರದೂ ಅಷ್ಟೇ ದಿನ, ಅಷ್ಟೇ ತೀವ್ರ. ಲಾಲ್‌ಬಾಗಿನವರು "ನಡೆದರೆ ತೊಂದರೆಯಿಲ್ಲ" ಎಂದು ಓದಿದರು, ಹಾಸಿಗೆಯವರು "ನಡೆದರೆ ಪ್ರಯೋಜನವಿಲ್ಲ" ಎಂದು ಓದಿದರು. ತಾಯಿಯ ಬೆವರುವಾದ ಇಲ್ಲಿಗೆ ಬಿದ್ದುಹೋಯಿತು. ಈ ಸುದ್ದಿಯನ್ನು ಅವರಿಗೆ ಯಾರೂ ಮುಟ್ಟಿಸಿಲ್ಲ.

ಹದ ಮೀರಿದರೆ ಕಥೆ ಬೇರೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರನ್ನು ಡೇವಿಡ್ ನೀಮನ್ ವಿಚಾರಿಸಿದಾಗ, ಮುಂದಿನ ವಾರದಲ್ಲಿ ನೆಗಡಿ-ಗಂಟಲುನೋವೆಂದವರು ಶೇ 12.9, ಅಂಥದೇ ತಾಲೀಮಿದ್ದೂ ಓಡದೆ ಉಳಿದವರಲ್ಲಿ ಶೇ 2.2. ಜ್ವರ ಬಂದಿದ್ದರಂತೂ ಮೀಮಾಂಸೆಯೇ ಬೇಡ, ಮಲಗಬೇಕು. ಕಾಕ್ಸಾಕಿಯಂಥ ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೇ ಊತ ತರಬಲ್ಲವು. ಆಗ ಮೈ ದಂಡಿಸಿದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಓಡುವ ಶೂರರಿಗೂ ಇದೇ ಮಾತು.

ಕೊನೆಗೆ ಸಂಗತಿ, ಎಂದರೆ ಬೇರೆ ಶಾಸ್ತ್ರಗಳೊಡನೆ ಹೊಂದಾಣಿಕೆ. ಇಲ್ಲಿ ಶಕುನಶಾಸ್ತ್ರ ಅಡ್ಡ ಬರುತ್ತದೆ. ಹೊರಡುವಾಗ ಒಂಟಿ ಸೀನಾದರೆ ಅಪಶಕುನ, ಕೂತು ನೀರು ಕುಡಿದೇ ಏಳಬೇಕು. ಜೋಡಿ ಸೀನಾದರೆ ಶುಭ. ಶೂ ಕಟ್ಟಿ ಹೊಸ್ತಿಲಿಗೆ ಬಂದವನಿಗೆ ಒಂದು ಸೀನು: ಕೂತ. ಎರಡನೆಯದು: ಎದ್ದ. ಮೂರನೆಯದಕ್ಕೆ ಮತ್ತೆ ಕೂತ. ಹೀಗೆ ಹನ್ನೊಂದಾಗುವಷ್ಟರಲ್ಲಿ ನಡುಮನೆಯಲ್ಲೇ ಬೈಠಕ್ಕು ಸಾಂಗವಾಗಿ ನೆರವೇರಿ ಹಣೆ ಬೆವರಿತೆಂದೂ, ವ್ಯಾಯಾಮದ ವಿಧಿ ಅಲ್ಲಿಗೇ ಪೂರೈಸಿತೆಂದೂ ನವ್ಯರ ಮತ. ಪ್ರಾಚೀನರು ಹನ್ನೊಂದು ಬೆಸಸಂಖ್ಯೆ, ಹೋಗಕೂಡದು ಎನ್ನುತ್ತಾರೆ. ಇಷ್ಟರಲ್ಲಿ ಹನ್ನೆರಡನೆಯದು ಮೂಗಿನ ತುದಿಯವರೆಗೆ ಬಂದು, ಕಣ್ಣಲ್ಲಿ ನೀರು ತರಿಸಿ, ಬಾಯಿ ತೆರೆಸಿ, ಹಾಗೆಯೇ ಹಿಂದಿರುಗಿತು. ಸೀನನ್ನು ತಡೆಯಬಾರದೆಂದು ಚರಕ ವಿಧಿಸಿದ್ದಾನೆ. ತಾನಾಗಿ ವಾಪಸು ಹೋದದ್ದನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಯಜಮಾನರು ಇನ್ನೂ ಹೊಸ್ತಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಾರೆ, ಒಳಗಿನಿಂದ ಹೆಂಡತಿ "ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ, ಬಾಗಿಲು ಹಾಕ್ಬೇಕು" ಎನ್ನುತ್ತಿದ್ದಾರೆ.