ತಿದ್ದೋ ಬಟನ್ ಒತ್ತೋರು ಯಾರು?

ಮೇಷ್ಟ್ರೇ, ಪೇಪರ್ ಓದಿ ಆಯ್ತಾ? ಸ್ವಲ್ಪ ಕಾಂಪೌಂಡ್ ಹತ್ರ ಬನ್ನಿ, ನಿಮ್ಮಿಂದ ಒಂದು ಕೆಲಸ ಆಗಬೇಕು.

ನಮ್ಮ ತಾರಸಿ ತೋಟದ ವಾಟ್ಸಾಪ್ ಗುಂಪು ಗೊತ್ತಲ್ಲ. ದಾಸವಾಳಕ್ಕೆ ಬಿಳಿ ಹುಳ ಹತ್ತಿದೆ, ಏನ್ಮಾಡ್ಲಿ ಅಂತ ಸೋಮವಾರ ಒಬ್ಬರು ಕೇಳ್ತಾರೆ. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಹೊಡೀರಿ, ಮೊದಲು ಇರುವೆ ಓಡಿಸಿ, ಆ ಹುಳ ಬಿಡೋ ಸಿಹಿ ಅಂಟಿನಾಸೆಗೆ ಇರುವೆನೇ ಅದನ್ನ ಕಾಯೋದು ಅಂತ ಯಾರೋ ಪುಣ್ಯಾತ್ಮರು ಚೆನ್ನಾಗಿ ಬರೀತಾರೆ. ಗುರುವಾರದ ಹೊತ್ತಿಗೆ ಅದರ ಮೇಲೆ ರಾಶಿ ಗುಡ್ ಮಾರ್ನಿಂಗ್ ಬಿದ್ದಿರುತ್ತೆ. ಶುಕ್ರವಾರ ಇನ್ನೊಬ್ಬರು: ದಾಸವಾಳಕ್ಕೆ ಬಿಳಿ ಹುಳ ಹತ್ತಿದೆ!

ಅದಕ್ಕೇ ಎಲ್ಲರೂ ಸೇರಿ ಬರೆದು ತಿದ್ದೋ ಒಂದು ವಿಕಿ ಮಾಡಿದ್ವಿ. ಹೌದು, ವಿಕಿಪೀಡಿಯದ ಜಾತಿಯದೇ. ಆದ್ರೆ ವಿಕಿಪೀಡಿಯ ಬಂದದ್ದು 2001ರಲ್ಲಿ, ವಿಕಿ ಅದಕ್ಕಿಂತ ಹಳೇದು. ವಾರ್ಡ್ ಕನಿಂಗ್‌ಹ್ಯಾಮ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 1995ರಲ್ಲಿ, ತನ್ನಂಥವರು ಕಂಡುಕೊಂಡ ವಿದ್ಯೆನೆಲ್ಲ ಒಂದು ಕಡೆ ಬರೆದಿಡಲಿ ಅಂತ ಮಾಡಿದ್ದು. ಹುಟ್ಟಿದ್ದೇ ನಮ್ಮಂಥ ಗುಂಪಿಗೆ ಅನ್ನಿ.

ವಿಕಿಪೀಡಿಯ ನಡೆಸೋ ಮೀಡಿಯಾವಿಕಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಆದ್ರೆ ಅದಕ್ಕೆ ಡೇಟಾಬೇಸ್ ಬೇಕು, ಆಗಾಗ ಆರೈಕೆ ಬೇಕು. ನಾವು ಹಿಡಿದದ್ದು ಡೊಕುವಿಕಿ. ಪುಟಗಳನ್ನೆಲ್ಲ ಬರೀ ಟೆಕ್ಸ್ಟ್ ಫೈಲ್ ಮಾಡಿ ಇಟ್ಕೊಳ್ಳುತ್ತೆ. ನಾಳೆ ಇದನ್ನ ನೋಡ್ಕೊಳ್ಳೋ ಹುಡುಗ ಕೆನಡಾಗೆ ಹೋದ್ರೂ ಆ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಇನ್ನೊಬ್ಬರು ಮುಂದುವರಿಸಬಹುದು. ವಿಕಿ ಇಡೋಕೆ ನೆಟ್‌ನಲ್ಲಿ ಜಾಗ ಪುಕ್ಕಟೆ ಕೊಡೋರೂ ಇದಾರೆ, ಜಾಹೀರಾತು ಮಾತ್ರ ಅವರದ್ದು. ನಿಮ್ಮ ಮೊಮ್ಮಗ ಮೈನ್‌ಕ್ರಾಫ್ಟ್ ಆಡ್ತಾನಲ್ಲ, ಆ ಆಟದ ವಿಕಿ ಬರೆಯೋರು 2023ರಲ್ಲಿ ಹಾಗೆ ಜಾಗ ಕೊಡೋ ಫ್ಯಾಂಡಮ್ ಅನ್ನೋ ತಾಣ ಬಿಟ್ಟು ಬೇರೆ ಮನೆ ಮಾಡಿದ್ರು. ಲೈಸೆನ್ಸ್ ಅಡ್ಡಿ ಬರಲಿಲ್ಲ, ಬರೆದದ್ದನ್ನೆಲ್ಲ ಹೊತ್ಕೊಂಡು ಹೋದ್ರು. ಹಳೇ ಪ್ರತಿ ಮಾತ್ರ ಹಳೇ ವಿಳಾಸದಲ್ಲೇ ಉಳೀತು. ಹಾಗಾಗಿ ನಮ್ಮ ವಿಳಾಸ ಮೊದಲ ದಿನದಿಂದ್ಲೇ ಗುಂಪಿನ ಹೆಸರಿಗಿರಲಿ ಅಂದೆ. ಖಾತೆ ಇಲ್ಲದೋರು ಬರೆಯೋ ಹಾಗಿಲ್ಲ ಅಂತಾನೂ ಮಾಡಿದ್ವಿ, ಇಲ್ಲಾಂದ್ರೆ ಸ್ಪ್ಯಾಮ್‌ನವರು ರಾತ್ರೋರಾತ್ರಿ ಬಂದು ಕ್ಯಾಸಿನೊ ಜಾಹೀರಾತು ಅಂಟಿಸಿ ಹೋಗ್ತಾರೆ.

ಇದೆಲ್ಲ ಸಲೀಸಾಗಿ ಆಯ್ತು. ಸಿಕ್ಕಿಹಾಕಿಕೊಂಡಿದ್ದು ಎಲ್ಲಿ ಅಂದ್ರೆ, ತಿದ್ದೋ ಬಟನ್ ಎಲ್ಲ ಪುಟದಲ್ಲೂ ಇದೆ, ಒತ್ತೋರೇ ಇಲ್ಲ! ಹಿರಿಯರು ಬರೆದದ್ದಕ್ಕೆ ನಾನು ಕೈ ಹಾಕೋದಾ ಅಂತಾರೆ. ಹಳೇ ಪ್ರತಿ ಎಲ್ಲೂ ಹೋಗಲ್ಲ, ಬೇಕಾದಾಗ ವಾಪಸ್ ತರಬಹುದು ಅಂದ್ರೂ ಕೇಳಲ್ಲ. ಪಕ್ಕದಲ್ಲೇ ಚರ್ಚೆ ಪುಟ ಇದೆ, ಜಗಳ ಅಲ್ಲಿ ಆಡಿ ಅಂದ್ರೆ ನನಗೆ ಫೋನ್ ಮಾಡಿ ಆಡ್ತಾರೆ. ‘ಅವರಿಗೆ ಹೇಳ್ಬೇಡಿ, ಆದ್ರೆ ಬಾಳೆಸಿಪ್ಪೆ ನೀರಿನ ವಿಷಯ ಅವರು ಬರೆದದ್ದು ತಪ್ಪು.’ ಮಂಗಳೂರಿನವರೊಬ್ಬರು ಟೊಮ್ಯಾಟೊ ಪುಟ ನೋಡಿ, ಇದು ಮೈಸೂರಿನ ಲೆಕ್ಕ, ಜೂನ್‌ನಲ್ಲಿ ನೆಟ್ರೆ ನಮ್ಮ ಮಳೆಗೆ ಕೊಳೆತು ಹೋಗುತ್ತೆ ಅಂತ ನನಗೆ ಉದ್ದದ ವಾಯ್ಸ್ ಮೆಸೇಜ್ ಕಳಿಸಿದ್ರು. ಎರಡೂ ನಿಜವೇ, ಎರಡೂ ಪುಟದಲ್ಲಿರಬೇಕಾದದ್ದೇ. ಆ ಒಂದು ಸಾಲು ಅವರೇ ಸೇರಿಸಿದ್ರೆ ಏನಾಗ್ತಿತ್ತು ಹೇಳಿ.

ಈಗ ನಿಮ್ಮ ವಿಷಯ. ಗೊಬ್ಬರದ ಪುಟ ಬ್ಯಾಂಕಿಂದ ರಿಟೈರ್ ಆದ ನಮ್ಮ ಹಿರಿಯರೊಬ್ಬರದ್ದು. ಅವರ ತಾತನ ತಿಪ್ಪೆಗುಂಡಿಯಿಂದ ಶುರುವಾಗುತ್ತೆ. ಹಸಿಕಸಕ್ಕೆ ಎಷ್ಟು ಒಣ ಎಲೆ ಬೆರೆಸಬೇಕು ಅಂತ ತಿಳೀಬೇಕಾದ್ರೆ ಇಬ್ಬರು ಸೋದರತ್ತೆಯರ ಮದುವೆ ದಾಟಬೇಕು. ಎಲ್ಲರೂ ಬೈಕೋತಾರೆ, ಯಾರೂ ಮುಟ್ಟಲ್ಲ.

ಏನಂದ್ರಿ, ಗಿಡ ಬೆಳೆಸಿ ಗೊತ್ತಿಲ್ವಾ? ಒಳ್ಳೇದೇ ಆಯ್ತು. ಗೊತ್ತಿಲ್ಲದೋರಿಗೆ ಅರ್ಥ ಆಗುತ್ತೋ ಇಲ್ವೋ ನಿಮಗೇ ತಿಳಿಯುತ್ತೆ. ಜನ್ಮವೆಲ್ಲ ಕೆಂಪು ಪೆನ್ ಹಿಡಿದೋರು ನೀವು. ಮೇಲಾಗಿ ನಮ್ಮ ಪೈಕಿ ಅವರಿಗಿಂತ ವಯಸ್ಸಲ್ಲಿ ದೊಡ್ಡವರು ಅಂದ್ರೆ ನೀವೊಬ್ರೇ. ತಾತನ್ನ ಅಳಿಸೋದೇನೂ ಬೇಡ, ಚರ್ಚೆ ಪುಟಕ್ಕೆ ಸಾಗಿಸಿ ಸಾಕು. ಪಾಸ್‌ವರ್ಡ್ ಏನಂತ ಇಡ್ಲಿ?