ಹೊರಕೆರೆದೇವಪುರೀಯ ಪತಂಗ ಪಲಾಯನ ಮೀಮಾಂಸೆ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿ ಗುಡಿಯ ಮುಂದೆ ದಿನವೂ ಒಂದು ಗಳಿಗೆ ಬರುತ್ತದೆ. ಅದು ಹಗಲೂ ಅಲ್ಲ, ಇರುಳೂ ಅಲ್ಲ. ಹಿರಣ್ಯಕಶಿಪುವಿಗೆ ಒದಗಿದ ಆ ಮುಹೂರ್ತವೇ ಪತಂಗಗಳಿಗೂ ಕಂಟಕ. ಹಕ್ಕಿಯಲ್ಲದೆ ಹಾರುವ, ಮೃಗವಾಗಿಯೂ ನೆಲ ಮುಟ್ಟದ ಬಾವಲಿ ಹೊರಬೀಳುವುದು ಆಗಲೇ. ಇಂಥ ಸಾಮ್ಯವನ್ನು ಪೂರ್ವಸೂರಿಗಳು ಕಾಣದೆ ಹೋದರಲ್ಲ! ಆ ಲೋಪ ತುಂಬಲೆಂದೇ ಪ್ರಬಂಧಕಾರನು ಬೀದಿದೀಪದ ಕಂಬದಡಿ ಹನ್ನೊಂದು ರಾತ್ರಿ ಕೂತಿದ್ದಾನೆ. (ಮನೆಯಲ್ಲೇಕೆ ಕೂರಲಿಲ್ಲ ಎಂಬುದು ಪ್ರಕೃತ ವಿಚಾರವಲ್ಲ.)

ಪೂರ್ವಪಕ್ಷ: ಪತಂಗವು ದೀಪಕ್ಕೆ ಬಿದ್ದು ಸಾಯುವ ಮೂಢಜೀವಿ. ಇದು ಕವಿಗಳ ಮತ. ಕವಿಗಳಿಗೆ ಉಪಮೆ ಸಿಕ್ಕಿದರೆ ಸಾಕು, ಕಿವಿ ಎಲ್ಲಿದೆಯೆಂದು ಹುಡುಕುವುದಿಲ್ಲ.

ಸಿದ್ಧಾಂತ: ಬಾವಲಿ ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ ಕೂಗಿ, ಮಾರ್ದನಿ ಕೇಳಿ ಬೇಟೆಯ ನೆಲೆ ಹಿಡಿಯುತ್ತದೆ. ಆ ಕೂಗನ್ನು ಪತಂಗವೂ ಕದ್ದು ಕೇಳುತ್ತದೆಂದು ಅಮೆರಿಕದ ರೋಡರ್ ಮತ್ತು ಟ್ರೀಟ್ 1950ರ ದಶಕದಲ್ಲಿ ತೋರಿಸಿದರು. ಅವರು ಪರೀಕ್ಷಿಸಿದ ಕುಲದ ಪತಂಗಕ್ಕೆ ಎದೆಯ ಬದಿಯಲ್ಲಿ ಕಿವಿ; ಒಂದೊಂದು ಕಿವಿಗೆ ಶ್ರವಣಕೋಶ ಎರಡೇ ಎರಡು. ಕೂಗು ದೂರವಿದ್ದರೆ ಅದು ಬೆನ್ನು ತಿರುಗಿಸಿ ಹಾರುತ್ತದೆ. ತಲೆಯ ಮೇಲೇ ಬಂದರೆ ರೆಕ್ಕೆ ಮಡಚಿ ದೊಪ್ಪನೆ ಬೀಳುತ್ತದೆ. 2018ರಲ್ಲಿ ಶಿವಮೊಗ್ಗ ಕಡೆ ಕಾಣಿಸಿಕೊಂಡು ನಮ್ಮ ಮೆಕ್ಕೆಜೋಳದ ಸುಳಿ ತಿಂದ ಸೈನಿಕ ಹುಳು ಕೂಡ ಇದೇ ಕುಲದ್ದು.

ಈ ವಿದ್ಯೆ ಊರಿಗೆ ಹೊಸದೇನಲ್ಲ. ಸಾಲದ ಕಂತು ವಸೂಲಿಗೆ ಬರುವ ಬೈಕು ಹೊಳಲ್ಕೆರೆ ರಸ್ತೆಯಲ್ಲಿ ಗುಡುಗಿದರೆ ಗೃಹಸ್ಥ ಹಿತ್ತಲ ಬಾಗಿಲಿನಿಂದ ತೋಟ ಸೇರುತ್ತಾನೆ. ಅಂಗಳಕ್ಕೇ ಬಂದು ನಿಂತರೆ ಕಂಬಳಿ ಹೊದ್ದು ದೊಪ್ಪನೆ ಬೀಳುತ್ತಾನೆ. ಇದಕ್ಕೆ ಎರಡೇ ಕೋಶ ಸಾಕೆಂಬುದು ನನ್ನ ಅನುಭವಸಿದ್ಧ ಮತ.

ಕೈಮುಗಿದು ಕೂರುವ ಹಸಿರು ಹುಳುಗಳಲ್ಲಿ ಹಲವಕ್ಕೆ ಎದೆಯ ನಡುವೆ ಒಂದೇ ಕಿವಿ. ಸದ್ದು ಯಾವ ದಿಕ್ಕಿನದೆಂದು ತಿಳಿಯದಿದ್ದರೂ ಧುಮುಕುತ್ತವೆ. ಭಕ್ತರಿಗೆ ಇಷ್ಟು ಸಾಕು.

ಇನ್ನು ಶೇಂಗಾ ಹೊಲ ಬೋಳಿಸುವ ಕೆಂಪು ಕಂಬಳಿಹುಳುವಿನ ಬಳಗ. ರೆಕ್ಕೆ ಬಂದ ಮೇಲೆ ಈ ಬಳಗದ ಹಲವು ಪತಂಗಗಳು ಓಡುವುದಿಲ್ಲ, ಬಾವಲಿಗೇ ತಿರುಗಿ ಟಕಟಕಿಸುತ್ತವೆ. ಕೆಲವುಗಳ ಮಾತಿನ ಅರ್ಥ ‘ನಾನು ಕಹಿ’ ಎಂದು. ಬಾಯಿಗೆ ಹಾಕಿ ಕೆಟ್ಟ ಬಾವಲಿ ಮತ್ತೆ ಮುಟ್ಟದು. ಅಮೆರಿಕದ ಬರ್ತೋಲ್ಡಿಯಾ ಎಂಬ ಪತಂಗವಂತೂ ಎಡೆಬಿಡದೆ ಸದ್ದು ಮಾಡಿ ಮಾರ್ದನಿಯ ಲೆಕ್ಕವನ್ನೇ ಕೆಡಿಸುತ್ತದೆಂದು 2009ರಲ್ಲಿ ಸಾಬೀತಾಯಿತು. ನಮ್ಮಲ್ಲಿ ಅದು ಸಾಬೀತಾಗಿ ತಲೆಮಾರುಗಳಾದವು. ವಸೂಲಿಯವನು ಬಾಯಿ ತೆರೆಯುವ ಮುನ್ನವೇ ಮಳೆ, ಬತ್ತಿದ ಬೋರ್‌ವೆಲ್, ಅಡಿಕೆ ರೇಟು, ಮೊಮ್ಮಗಳ ಜ್ವರ ಇವನ್ನೆಲ್ಲ ಒಂದೇ ಉಸಿರಿಗೆ ಹೇಳಿದರೆ ಅವನು ತನ್ನ ಲೆಕ್ಕದ ಪುಸ್ತಕದಲ್ಲೇ ದಾರಿ ತಪ್ಪುತ್ತಾನೆ.

ಯಾರಿಂದ ಯಾರು ಕಲಿತರು? ಬಾವಲಿಯ ಪಳೆಯುಳಿಕೆಗೆ 5 ಕೋಟಿ ವರ್ಷ ದಾಟಿದೆಯಾದ್ದರಿಂದ ಪತಂಗವೇ ಗುರುವೆಂದು ಒಂದು ಪಕ್ಷ. ಸಾಲ ಅದಕ್ಕೂ ಹಳೆಯದೆಂದು ನನ್ನ ಮಾವನವರ ಪಕ್ಷ, ಅವರು ಕೊಟ್ಟವರು.

ಒಂದು ದೋಷ ಮಾತ್ರ ಉಳಿದಿದೆ. ಬೀದಿದೀಪದ ಪ್ರಖರ ಬೆಳಕಿನಲ್ಲಿ ಪತಂಗ ತಪ್ಪಿಸಿಕೊಳ್ಳುವ ಪಟ್ಟುಗಳನ್ನೇ ಮರೆಯುತ್ತದೆ. ಹಗಲೆಂದು ಭ್ರಮಿಸಿ ಕಿವಿಯನ್ನು ನಂಬುವುದು ಬಿಡುತ್ತದೆಂದು ಒಂದು ಊಹೆ. ಇದನ್ನರಿತ ಬಾವಲಿಗಳು ಕಂಬದ ಸುತ್ತಲೇ ಗಸ್ತು ಹೊಡೆಯುತ್ತವೆ. ಪ್ರಬಂಧಕಾರನೂ ಇದೇ ಬೆಳಕಿನಲ್ಲಿ ಕೂತು ಬರೆಯುತ್ತಿದ್ದಾನಾದರೂ ಅದರಿಂದ ಅವನ ಶ್ರವಣಶಕ್ತಿಗೆ ಯಾವ ಕುಂದೂ

‘ಮೇಷ್ಟ್ರೇ, ಇಲ್ಲಿದ್ದೀರಾ? ಮನೆ ಹತ್ರ ಹನ್ನೊಂದು ದಿನದಿಂದ...’

(ಇಲ್ಲಿಂದ ಮುಂದೆ ಗ್ರಂಥಪಾತ.)