ಮೂರು ಪದಗಳ ಅಭ್ಯರ್ಥಿ

ಅಮೆರಿಕದ ಸರ್ಕಾರಿ ಶಾಲೆಗಳ ಆಡಳಿತವು ಬಹುತೇಕ ಕಡೆ, ‘ಶಾಲಾ ಜಿಲ್ಲೆ’ ಎಂದು ಕರೆಯುವ ಆಯಾ ಪ್ರದೇಶದ ಮತದಾರರು ನೇರವಾಗಿ ಆರಿಸುವ ಶಾಲಾ ಮಂಡಳಿಯ, ಅಂದರೆ ಅಲ್ಲಿಯವರ ಮಾತಿನಲ್ಲಿ ‘ಸ್ಕೂಲ್ ಬೋರ್ಡ್’ನ, ಕೈಯಲ್ಲಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 5 ಸದಸ್ಯರ, 4 ವರ್ಷಗಳ ಅವಧಿಯ, ಪಕ್ಷದ ಚಿಹ್ನೆಯಿಲ್ಲದ ಈ ಮಂಡಳಿಯು ಆಯವ್ಯಯವನ್ನು ಒಪ್ಪುವುದು, ಆಡಳಿತದ ಮುಖ್ಯಸ್ಥರಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು ಮುಂತಾದ ಕೆಲಸಗಳ ಜೊತೆಗೆ, ಯಾವ ಬೀದಿಯ ಮಗು ಯಾವ ಶಾಲೆಗೆ ಹೋಗಬೇಕೆಂಬ ಗೆರೆಯನ್ನೂ ಎಳೆಯುತ್ತದೆ. ಶಾಲೆಯ ಹೆಸರು ನೋಡಿಯೇ 30 ವರ್ಷದ ಸಾಲಕ್ಕೆ ಸಹಿ ಹಾಕಿ ಮನೆ ಕೊಂಡ ಕನ್ನಡ ಕುಟುಂಬಗಳಿಗೆ ಈ ಗೆರೆಯು ಬೆಳಗಾವಿಯ ಗಡಿಗಿಂತಲೂ ಸೂಕ್ಷ್ಮವಾದ ವಿಷಯವಾಗಿರುತ್ತದೆ. ಸಂಭಾವನೆ ಅತ್ಯಲ್ಪವಾಗಿದ್ದು ಬೈಗುಳ ಧಾರಾಳವಾಗಿರುವ ಈ ಹುದ್ದೆಯು ಮನೆಯಲ್ಲಿ ಉಂಡು ಊರ ದನ ಕಾಯುವ ಉದ್ಯೋಗಗಳ ಪಟ್ಟಿಯಲ್ಲಿ ಮೇಲಿನ ಸ್ಥಾನಕ್ಕೆ ಅರ್ಹವಾದದ್ದು.

ಇಂಥ ಚುನಾವಣೆಗೆ ನಿಲ್ಲುವ ಹೊರನಾಡ ಕನ್ನಡಿತಿಯ ಲಕ್ಷಣಗಳನ್ನು ವಿವರಿಸಲು, ಹುಣಸಮಾರನಹಳ್ಳಿ ಮೂಲದ ಒಂದು ಮಾದರಿ ಕುಟುಂಬವನ್ನು ಕಲ್ಪಿಸಿಕೊಳ್ಳುವುದು ಅನುಕೂಲ. ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ವಾಯುನೆಲೆಯನ್ನು ದಾಟಿದೊಡನೆ ಸಿಗುವ ಈ ಊರಿನಲ್ಲಿ 1986ರಿಂದ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ವಿದ್ಯಾಲಯವಿದ್ದು, 2008ರಿಂದ ಅದೇ ರಸ್ತೆಯ ಮುಂದಿನ ತುದಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಇರುವುದರಿಂದ, ಮನೆಯಿಂದ ಕಾಲೇಜಿಗೂ ಕಾಲೇಜಿನಿಂದ ಅಮೆರಿಕಕ್ಕೂ ಒಂದೇ ಬಸ್ಸಿನ ದಾರಿಯೆಂಬ ಭಾವನೆ ಇಲ್ಲಿ ಬೆಳೆದಿದ್ದರೆ ಆಶ್ಚರ್ಯವಿಲ್ಲ. ಹಾಗೆ ಹೋದ ದಂಪತಿಗಳಲ್ಲಿ ಪತಿ ಸಾಫ್ಟ್‌ವೇರ್ ಉದ್ಯೋಗಿ, ಪತ್ನಿ ಗಣಿತದ ಶಿಕ್ಷಕಿ, ಇಬ್ಬರು ಮಕ್ಕಳು, ಮತ್ತು 6 ತಿಂಗಳ ಮಟ್ಟಿಗೆ ಬಂದಿರುವ ಅತ್ತೆ ಎಂದಿಟ್ಟುಕೊಳ್ಳಬಹುದು.

ಮೊದಲ ತೊಡಕು ಹೆಸರಿನದು. ಹಳೆ ಮೈಸೂರು ಪ್ರಾಂತದಲ್ಲಿ ಊರಿನ ಹೆಸರು ಇನಿಷಿಯಲ್ ಆಗಿ, ಒಂದೇ ಅಕ್ಷರದಲ್ಲಿ ಮುದುಡಿಕೊಂಡು, ವ್ಯಕ್ತಿಯ ಹೆಸರಿನ ಮುಂದೆ ಸುಮ್ಮನೆ ಕುಳಿತಿರುತ್ತದೆ. ಆದರೆ ಪಾಸ್‌ಪೋರ್ಟಿನ ಅರ್ಜಿಯು ಇನಿಷಿಯಲ್ಲನ್ನು ಬಿಡಿಸಿ ಬರೆಯುವಂತೆ ಕೇಳುವುದರಿಂದ, ಊರು ಮನೆತನದ ಹೆಸರಾಗಿ ಬಡ್ತಿ ಪಡೆದು ಸಮುದ್ರ ದಾಟುತ್ತದೆ. ಕನ್ನಡದಲ್ಲಿ 8 ಅಕ್ಷರಗಳಲ್ಲಿ ಮುಗಿಯುವ ಹುಣಸಮಾರನಹಳ್ಳಿಯು ರೋಮನ್ ಲಿಪಿಯಲ್ಲಿ 17 ಅಕ್ಷರಗಳಾಗುತ್ತದೆ. ಅಮೆರಿಕದ ಚುನಾವಣೆಗಳಲ್ಲಿ ಬೆಂಬಲಿಗರ ಅಂಗಳದ ಹುಲ್ಲಿನಲ್ಲಿ ಎರಡು ತಂತಿಗಾಲುಗಳ ಮೇಲೆ ನಿಲ್ಲಿಸುವ ಪ್ಲಾಸ್ಟಿಕ್ ಫಲಕವೇ ಪ್ರಚಾರದ ಜೀವಾಳವಾಗಿದ್ದು, ಅದರ ಅಗಲಕ್ಕೆ 17 ಅಕ್ಷರಗಳನ್ನು ಹೊಂದಿಸಿದರೆ, ಕಾರಿನಲ್ಲಿ ಹೋಗುವ ಮತದಾರನು ಕಾರು ನಿಲ್ಲಿಸಿ, ಇಳಿದು, ಕನ್ನಡಕ ಹಾಕಿಕೊಂಡು ಓದಬೇಕಾದೀತು. ಹೆಸರನ್ನು ‘ಹುಣಸ’ ಎಂದು ಮೊಟಕುಗೊಳಿಸುವ ಪತಿಯ ಸಲಹೆಗೆ ಅತ್ತೆಯವರು ಕೊಡುವ ಅಭಿಪ್ರಾಯವು ದಾಖಲಾರ್ಹ: “ಊರ್ ಹೆಸ್ರು ಕೊಯ್ದು ಬರೀ ಹುಣಸೇಹಣ್ಣು ಉಳ್ಸಿದ್ದೀಯಲ್ಲೋ ಮಗಾ, ಇನ್ನು ಬೇಳೆ ಒಂದು ಬೇಯಿಸ್ಬಿಟ್ರೆ ಸಾರೇ ಆಯ್ತು.”

ಎರಡನೆಯ ತೊಡಕು ಪದಗಳದು. ಕ್ಯಾಲಿಫೋರ್ನಿಯಾದ ಚುನಾವಣಾ ಕಾಯ್ದೆಯ ಪ್ರಕಾರ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ ಆಕೆಯ ವೃತ್ತಿಯನ್ನು ಹೆಚ್ಚೆಂದರೆ 3 ಪದಗಳಲ್ಲಿ ನಮೂದಿಸಬಹುದು. ಮದುವೆಯ ಆಹ್ವಾನಪತ್ರಿಕೆಯಲ್ಲಿ ವಧುವಿನ ಸೋದರಮಾವನ ನಿವೃತ್ತಿಪೂರ್ವ ಹುದ್ದೆಯನ್ನೂ ಬಿಡದೆ ಮುದ್ರಿಸುವ ಪರಂಪರೆಗೆ ಸೇರಿದ ಕುಟುಂಬವೊಂದು 3 ಪದಗಳಿಗೆ ಇಳಿಯುವುದು ಸಣ್ಣ ತಪಸ್ಸಲ್ಲ. ‘ನಮ್ಮನೆ ದೊಡ್ಡ ಸೊಸೆ’ ಎಂಬುದು ಲೆಕ್ಕಕ್ಕೆ ಸರಿಯಾಗಿ 3 ಪದವಾದರೂ ಅದನ್ನು ವೃತ್ತಿಯೆಂದು ಅಧಿಕಾರಿಗಳು ಒಪ್ಪಲಾರರೆಂಬ ಕಾರಣಕ್ಕೆ ಕೈಬಿಟ್ಟು, ಕೊನೆಗೆ ‘ಶಿಕ್ಷಕಿ/ಪೋಷಕಿ’ ಎಂಬಲ್ಲಿಗೆ ಎಲ್ಲರೂ ಬಂದು ನಿಲ್ಲುತ್ತಾರೆ. ಇಲ್ಲಿಯ ‘ಶಿಕ್ಷಕಿ’ ಎಂಬ ಪದದ ಹಿಂದೆಯೂ ಒಂದು ನಿಯಮವಿದೆ: ತಾನು ಕೆಲಸ ಮಾಡುವ ಶಾಲಾ ಜಿಲ್ಲೆಯ ಮಂಡಳಿಗೇ ಗೆದ್ದ ಶಿಕ್ಷಕಿಯು ನೌಕರಿಗೆ ರಾಜೀನಾಮೆ ಕೊಡದೆ ಪ್ರಮಾಣವಚನ ಸ್ವೀಕರಿಸುವಂತಿಲ್ಲ, ಏಕೆಂದರೆ ಸಂಬಳ ಪಡೆಯುವವರೇ ಸಂಬಳ ನಿಗದಿ ಮಾಡುವಂತಾಗಬಾರದು. ಆದ್ದರಿಂದ ಇಂಥವರು ಪಕ್ಕದ ಜಿಲ್ಲೆಯಲ್ಲಿ ಪಾಠ ಹೇಳಿ, ವಾಸದ ಜಿಲ್ಲೆಯಲ್ಲಿ ಮತ ಕೇಳುತ್ತಾರೆ. ಮತಪತ್ರದಲ್ಲಿ ಹೆಸರುಗಳ ಕ್ರಮವನ್ನು ರಾಜ್ಯ ಸರ್ಕಾರವೇ ವರ್ಣಮಾಲೆಯ ಅಕ್ಷರಗಳನ್ನು ಲಾಟರಿ ಎತ್ತಿ ನಿರ್ಧರಿಸುತ್ತದೆಯೆಂದು ತಿಳಿದಾಗ, ಯಲಹಂಕದ ಜೋಯಿಸರಿಂದ ವಾಟ್ಸ್ಆ್ಯಪ್‌ನಲ್ಲಿ ನಾಮಾಕ್ಷರದ ಬಲ ಕೇಳಿಸಿದ ಅತ್ತೆಯವರಿಗೆ ಆ ದೇಶದ ಮೇಲೆ ಮೊದಲ ಬಾರಿಗೆ ಗೌರವ ಮೂಡುತ್ತದೆ.

ಮೂರನೆಯದು ಮತದಾರರ ಪ್ರಶ್ನೆ. ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಗಳು ಯಾವ ಅಭ್ಯರ್ಥಿಯನ್ನೂ ಬೆಂಬಲಿಸಬಾರದೆಂಬ ಕಾನೂನಿರುವುದರಿಂದ, ಕನ್ನಡ ಕೂಟವು ಅಭ್ಯರ್ಥಿಗೆ ಮೈಕು ಕೊಟ್ಟರೂ ಅದು ಭಾವಗೀತೆಗೆ ಮಾತ್ರ ಸೀಮಿತ. ಪ್ರಚಾರಕ್ಕೆಂದು ಮನೆಯಲ್ಲಿ ಏರ್ಪಡಿಸಿದ ಹೋಳಿಗೆ ಊಟಕ್ಕೆ ಹಿತ್ತಲು ತುಂಬುವಷ್ಟು ಜನ ಬಂದು, ಎರಡೆರಡು ಹೋಳಿಗೆ ಹಾಕಿಸಿಕೊಂಡು, ‘ನಮ್ಮ ಮತ ನಿಮಗೇ’ ಎಂದು ಹರಸಿದರೂ, ಲೆಕ್ಕ ಹಾಕಿದರೆ ಅವರಲ್ಲಿ ಬಹುಪಾಲು ಜನ ಗ್ರೀನ್ ಕಾರ್ಡಿನ, ಅಂದರೆ ಕಾಯಂ ವಾಸದ ಪರವಾನಗಿಯ, ಸರದಿಯಲ್ಲಿರುವವರು. ಸ್ಯಾನ್ ಫ್ರಾನ್ಸಿಸ್ಕೊ ನಗರವು 2016ರಲ್ಲಿ ಪೌರತ್ವವಿಲ್ಲದ ಪೋಷಕರಿಗೂ ಶಾಲಾ ಮಂಡಳಿಯ ಮತಾಧಿಕಾರ ಕೊಟ್ಟಂಥ ಅಪವಾದವನ್ನು ಬಿಟ್ಟರೆ, ಆ ನಾಡಿನಲ್ಲಿ ಹೋಳಿಗೆ ತಿನ್ನಲು ಪೌರತ್ವ ಬೇಡ, ಮತ ಹಾಕಲು ಬೇಕು.

ಗೆದ್ದ ಮೇಲಿನ ಕಷ್ಟಗಳು ಬೇರೆ ಬಗೆಯವು. ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಸಾಮಾನ್ಯವಾಗಿ 3 ನಿಮಿಷ ಮಾತ್ರ ಸಿಗುತ್ತದೆ; ‘ಎರಡೇ ಮಾತು’ ಎಂದು ಆರಂಭಿಸಿ ವೇದಿಕೆಯ ಮೇಲಿನ ಗಣ್ಯರ ಹೆಸರು ಹೇಳುವಷ್ಟರಲ್ಲೇ ಆ ಅವಧಿಯನ್ನು ಕಳೆಯುವ ರಾಜ್ಯೋತ್ಸವದ ಭಾಷಣಕಾರರು ಅಲ್ಲಿ ವಿಷಯಕ್ಕೆ ಬರುವ ಮೊದಲೇ ಗಂಟೆ ಬಾರಿಸುತ್ತದೆ. ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆಯಂತೆ, ಮಂಡಳಿಯ ಬಹುಮತದಷ್ಟು ಸದಸ್ಯರು ಸಾರ್ವಜನಿಕ ಸಭೆಯ ಹೊರಗೆ ಮಂಡಳಿಯ ವಿಷಯವನ್ನು ಚರ್ಚಿಸುವಂತಿಲ್ಲ ಮತ್ತು ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು. ಈ ನಿಯಮವನ್ನು ಮನೆಗೂ ಅನ್ವಯಿಸಬಾರದೇಕೆ ಎಂಬುದು, ಅಡುಗೆಮನೆಯಲ್ಲಿ ಅತ್ತೆ ಮತ್ತು ಅವರ ಮಗ ಸೇರಿ ಕಾರ್ಯಸೂಚಿಯಿಲ್ಲದೆ ತೀರ್ಮಾನಗಳನ್ನು ಕೈಗೊಳ್ಳುವುದನ್ನು ಕಂಡ ಸದಸ್ಯೆಯ ನ್ಯಾಯವಾದ ಪ್ರಶ್ನೆ.

ಇಷ್ಟು ನಿಯಮಗಳನ್ನು ಬಾಯಿಪಾಠ ಮಾಡಿದ ಕುಟುಂಬಕ್ಕೆ, ಹುಣಸಮಾರನಹಳ್ಳಿಯಂಥ ಊರಿನ ಸರ್ಕಾರಿ ಶಾಲೆಗೂ ಇಂಥದೇ ಮಂಡಳಿಯೊಂದು ಇದೆಯೆಂಬುದು ಹೊಸ ಸುದ್ದಿಯಾಗಿರುವುದೇ ಹೆಚ್ಚು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರೂ ಕರೆಯುವ ಎಸ್‌ಡಿಎಂಸಿ, ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ಕರ್ನಾಟಕದಲ್ಲಿ ಆರಂಭವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಸೆಕ್ಷನ್ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿತು. ಬಿಸಿಯೂಟ, ಶೌಚಾಲಯ, ಕಾಂಪೌಂಡು ಎಲ್ಲದರ ಮೇಲೂ ಕಣ್ಣಿಡಬೇಕಾದ ಈ ಸಮಿತಿಗೆ ಪೋಷಕರಾಗಿ ಬರಲು ಇರುವ ಅರ್ಹತೆ ಒಂದೇ: ಮಗು ಆ ಶಾಲೆಯಲ್ಲಿ ಓದುತ್ತಿರಬೇಕು.

ಸಮುದ್ರದಾಚೆ ಸರ್ಕಾರಿ ಶಾಲೆಗಾಗಿ ಮನೆ ಮನೆಯ ಬಾಗಿಲು ತಟ್ಟುವವರ ಅಣ್ಣತಮ್ಮಂದಿರು, ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಖಾಸಗಿ ಇಂಗ್ಲಿಷ್ ಶಾಲೆಗೆ ಕಳಿಸಿ, ತಮ್ಮೂರಿನಲ್ಲೇ ಈ ಅರ್ಹತೆಯನ್ನು ಕಳೆದುಕೊಂಡಿರುತ್ತಾರೆ. ಬೆಂಗಳೂರಿನ ಉತ್ತರದ ಅಂಚಿನ ಸರ್ಕಾರಿ ಶಾಲೆಗಳಲ್ಲಿ ಈಗ ಆ ಅರ್ಹತೆ ಉಳಿದಿರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಸೇರಿದ್ದಾರೆ. ಹೀಗೆ ಅಲ್ಲಿಯೂ ಇಲ್ಲಿಯೂ ಊರಿನ ಶಾಲೆಯನ್ನು ನೋಡಿಕೊಳ್ಳುವ ಹೊಣೆಯು ಬೇರೆ ಊರಿನಿಂದ ಬಂದವರ ಹೆಗಲೇರಿದೆ. ವ್ಯತ್ಯಾಸವಿಷ್ಟೇ: ಇಲ್ಲಿಯ ಸದಸ್ಯೆ ಸಭೆಗೆ ಬಂದ ದಿನ ಅಂದಿನ ಕೂಲಿಯನ್ನು ಬಿಟ್ಟು ಬಂದಿರುತ್ತಾಳೆ, ಮತ್ತು ಆಕೆಗೆ 17 ಅಕ್ಷರದ ಫಲಕದ ಅಗತ್ಯವಿಲ್ಲ, ಮುಖ್ಯೋಪಾಧ್ಯಾಯರು ಮುಂದಿಡುವ ನಡಾವಳಿ ಪುಸ್ತಕದಲ್ಲಿ ಒಂದು ಸಹಿ, ಇಲ್ಲವೇ ಒಂದು ಹೆಬ್ಬೆಟ್ಟು ಸಾಕು.